ಹಡಗೋ, ಅಡಗಿಯೋ

ಕಂಠೆಪ್ಪ ಕಳೆದ ಶುಕ್ರವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಾಪ್ಸಾ ಪೇಟೆಯ ಪಾತ್ರೆ ಅಂಗಡಿಯೊಂದರ ಮೆಟ್ಟಿಲ ಮೇಲೆ ತೀರಿಕೊಂಡ. ಐವತ್ತೆಂಟು ವರ್ಷ. ಹೃದಯಕ್ಕೆ ಎರಡು ವರ್ಷದ ಹಿಂದೆ ಸ್ಪ್ರಿಂಗ್ ಹಾಕಿದ್ದರು. ಅದು ಅಷ್ಟೇ ದಿನ ಬಂತು. ಜೊತೆಯಲ್ಲಿ ಗೆಳೆಯ ಶಂಕರಲಿಂಗ ಇದ್ದ, ಮತ್ತು ನಲವತ್ತು ಮಂದಿಗೆ ಅನ್ನವಾಗುವಷ್ಟು ದೊಡ್ಡ ಅಲ್ಯುಮಿನಿಯಂ ಬೋಗುಣಿ ಇತ್ತು. ಬೋಗುಣಿಯನ್ನು ಒಳಗೆ ಬಿಡುವುದಿಲ್ಲ ಎಂದರು ಆಂಬ್ಯುಲೆನ್ಸಿನವರು. ಅದನ್ನು ಬಿಟ್ಟು ತಾನು ಹತ್ತುವುದಿಲ್ಲ ಎಂದು ಶಂಕರಲಿಂಗ ರಸ್ತೆಯಲ್ಲೇ ನಿಂತ. ಕೊನೆಗೆ ಮೂವರೂ ಒಟ್ಟಿಗೇ ಹೋದರು.

ಆ ಬೋಗುಣಿಯ ಹೆಸರು ಹಡಗು. ಯಾಕೆ ಎಂದು ಹೇಳಬೇಕಾದರೆ ಮೂವತ್ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ತಾಳಿಕೋಟಿ ಕಡೆಯ ಹಳ್ಳಿಯಿಂದ ಗೋವಾಕ್ಕೆ ಬಂದ ಕಂಠೆಪ್ಪನಿಗೆ ಪರ್ವರಿಯಲ್ಲಿ, ಕಟ್ಟಡದ ಕೂಲಿಗಳ ಮೆಸ್ಸಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಸುದ್ದಿ ತಿಳಿಸಲು ಎಸ್‌ಟಿಡಿ ಬೂತಿಗೆ ಹೋಗಿ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದ. ಊರಿಗೆಲ್ಲ ಇದ್ದದ್ದು ಅದೊಂದೇ ಫೋನು. "ಅಡಗಿ ಕೆಲಸ ಸಿಕ್ಕೈತ್ರಿ," ಎಂದ. ಗರಗರ ಸದ್ದಿನ ನಡುವೆ ಅಂಗಡಿಯವನಿಗೆ ಕೇಳಿಸಿದ್ದು "ಹಡಗಿನ ಕೆಲಸ". ಅವನದೇನೂ ತಪ್ಪಿಲ್ಲ. ಗೋವಾ ಅಂದರೆ ಸಮುದ್ರ, ಸಮುದ್ರ ಅಂದರೆ ಹಡಗು; ಅನ್ನ ಬೇಯಿಸಲಿಕ್ಕೆ ಗಂಡಸೊಬ್ಬ ಅಷ್ಟು ದೂರ ಹೋಗುತ್ತಾನೆಂದು ಯಾರಾದರೂ ನಂಬುತ್ತಾರೆಯೇ? ಸಂಜೆಯೊಳಗೆ ಕಂಠೆಪ್ಪ ಹಡಗಿನವನಾದ. ತಿಂಗಳೊಳಗೆ ಪಕ್ಕದೂರಿನ ಸೋಮಲಪ್ಪ, ಮಗಳಿಗೆಂದು ನೋಡಿಟ್ಟಿದ್ದ ಸಾಲಿ ಮಾಸ್ತರನನ್ನು ಬಿಟ್ಟು, ಹಡಗಿನವನಿಗೇ ಕೊಡುತ್ತೇನೆಂದು ಬಂದು ಕೂತ.

ಕಂಠೆಪ್ಪ ನಿಜ ಹೇಳಲು ಹೊರಟದ್ದು ಖರೆ. ಅಕ್ಕಿಕಾಳು ಬೀಳುವ ಮೊದಲು ಮಾವನನ್ನು ಬದಿಗೆ ಕರೆದು, "ನಂದು ಅಡಗಿ ಕೆಲಸ ಐತ್ರಿ," ಎಂದ.

"ಗೊತ್ತೈತಪಾ," ಎಂದ ಸೋಮಲಪ್ಪ, ಅಳಿಯನ ಬೆನ್ನು ತಟ್ಟಿ. "ಹಡಗಿನ್ಯಾಗೂ ಮಂದಿ ಉಣಬೇಕಲ್ಲ."

ಅಷ್ಟರಲ್ಲಿ ಬಾಜಾ ಬಾರಿಸಿದರು.

ಲಕ್ಷ್ಮವ್ವ ಗಂಡನ ಜೊತೆ ಮೊಲೆಂ ಘಾಟು ಇಳಿದು ಪರ್ವರಿಗೆ ಬಂದಾಗ ಕಂಡದ್ದು ತಗಡಿನ ಮೆಸ್ಸು, ಮೂರು ಒಲೆ, ಸೌದೆಯ ರಾಶಿ. ಟ್ರಂಕು ಕೆಳಗಿಟ್ಟು ಸುತ್ತ ನೋಡಿ, "ಹಡಗ ಎಲ್ಲಿ ಐತ್ರಿ?" ಎಂದು ಕೇಳಿದಳು. ಕಂಠೆಪ್ಪ ಬಿಸಿಲಿಗೆ ಬೋರಲು ಹಾಕಿದ್ದ ದೊಡ್ಡ ಬೋಗುಣಿಯ ಕಡೆ ಕೈ ತೋರಿಸಿದ.

ಲಕ್ಷ್ಮವ್ವ ಅದರ ಸುತ್ತ ಒಂದು ಸುತ್ತು ಬಂದಳು. ಬೆರಳಿನಿಂದ ಬಡಿದು ನೋಡಿದಳು.

"ತಳ ತೂತ ಬಿದ್ದಿಲ್ಲಲ್ಲ?"

"ಇಲ್ಲ."

"ಹಂಗಾರ ಮುಣಗೂದಿಲ್ಲ ಬಿಡ್ರಿ."

ಅವತ್ತಿನಿಂದ ಮೆಸ್ಸಿನಲ್ಲಿ ಆ ಬೋಗುಣಿ ಹಡಗಾಯಿತು. "ಹಡಗ ಇಳಸ್ರಿ," "ಹಡಗ ತಿಕ್ಕಿ ಇಡ್ರಿ," ಎಂದು ಕೂಲಿಗಳೂ ಕಲಿತರು. ಪರ್ವರಿಯಲ್ಲಿ ಇವತ್ತು ನಿಂತಿರುವ ಎಷ್ಟೋ ಕಟ್ಟಡಗಳು ಆ ಹಡಗಿನ ಅನ್ನದ ಮೇಲೆ ಎದ್ದವು. ಅಂಥ ಒಂದು ಕಟ್ಟಡಕ್ಕೆ ಮೊದಲು ಗಾರೆ ಹೊತ್ತು, ಆಮೇಲೆ ಅದಕ್ಕೇ ವಾಚಮನ್ ಆದವನು ಶಂಕರಲಿಂಗ. ಅಲ್ಲಿಯ ಮನೆಗಳವರು ರದ್ದಿಗೆ ಹಾಕುವ ಪುಸ್ತಕಗಳನ್ನೆಲ್ಲ ಗೇಟಿನ ಬಳಿ ಕೂತು ಓದಿ ಮುಗಿಸುವುದು ಅವನ ಚಟ. ಊಟ ಮಾತ್ರ ಕೊನೆಯವರೆಗೂ ಕಂಠೆಪ್ಪನ ಕೈಯದು.

ಸೋಮಲಪ್ಪ ಅಮಾವಾಸ್ಯೆಗೊಮ್ಮೆ ತಪ್ಪದೆ ಫೋನ್ ಮಾಡುತ್ತಿದ್ದ.

"ಹಡಗ ಎಲ್ಲಿಗೆ ಬಂತಪಾ?"

"ದಂಡಿಗೇ ಐತ್ರಿ, ಮಾವಾರ."

"ಯಾವಾಗ ಬಿಡತೈತಿ?"

"ಮಳಿ ಮುಗೀಲಿ ಅಂತಾರ್ರಿ."

ಹೀಗೆ ಮೂವತ್ನಾಲ್ಕು ಮಳೆಗಾಲ ಮುಗಿದವು. ಎರಡು ವರ್ಷದ ಹಿಂದೆ, ಸ್ಪ್ರಿಂಗ್ ಹಾಕಿಸಿಕೊಂಡು ಬಂದ ವಾರ, ಈಗಲಾದರೂ ನಿಜ ಹೇಳಿಬಿಡು ಎಂದು ಶಂಕರಲಿಂಗ ಹೇಳಿ ನೋಡಿದ.

"ಮಾಸ್ತರನ್ನ ಬಿಟ್ಟು ನನಗ ಕೊಟ್ಟಾನ," ಎಂದ ಕಂಠೆಪ್ಪ. "ಎಂಬತ್ತಾರ ವರ್ಷದ ಮುದುಕಗ, ನಿನ್ನ ಮಗಳನ್ನ ಬೋಗುಣಿಗೆ ಕೊಟ್ಟಿ ಅಂತ ಹೇಳ್ಲ್ಯಾ? ಅವ ಕಣ್ಣ ಮುಚ್ಚೂದ್ರಾಗ ಅದನ್ನ ಖರೇ ಮಾಡಬೇಕು. ಒಮ್ಮೆ, ಒಂದ ಸಲ, ಹಡಗಿನ್ಯಾಗ ಅಡಗಿ ಮಾಡಿದ್ನೆಂದ್ರ ಸಾಕು. ಉಳದದ್ದು ಸುಳ್ಳ ಆಗೂದಿಲ್ಲ, ಶಂಕ್ರಾ. ಸ್ವಲ್ಪ ಹೆಚ್ಚಿಗಿ ಹೇಳಿದ್ದು, ಅಷ್ಟ."

ಕಳೆದ ದೀಪಾವಳಿಗೆ ಲಕ್ಷ್ಮವ್ವ ಮಿಕ್ಸರ್ ಕೊಂಡಳು. ಅಂಗಡಿಯವರ ಲಕ್ಕಿ ಡ್ರಾದಲ್ಲಿ ಅವಳ ಚೀಟಿಗೆ ಮೊದಲನೇ ಬಹುಮಾನ ಬಂತು. ಕೊಟ್ಟ ಕೂಪನ್ನನ್ನು ಶಂಕರಲಿಂಗ ಎರಡು ಸಲ ಓದಿದ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮಾಂಡವಿ ನದಿಯಲ್ಲಿ ಸಂಜೆ ಒಂದು ಗಂಟೆಯ ವಿಹಾರ, ಹತ್ತು ಮಂದಿಗೆ. ಇಲ್ಲವೇ ಸಮುದ್ರದಲ್ಲಿ, ದೊಡ್ಡ ಹಡಗಿನಲ್ಲಿ, ಮುಂಬಯಿಗೆ ಹೋಗಿ ಬರುವುದು. ಎರಡು ರಾತ್ರಿ, ಇಬ್ಬರಿಗೆ. ಯಾವುದೆಂದು ಹದಿನೈದು ದಿನದೊಳಗೆ ತಿಳಿಸಬೇಕು.

"ಅಡಗಿಮನಿ ಯಾವುದರಾಗ ಐತಿ?" ಎಂಬುದೇ ಕಂಠೆಪ್ಪನ ಮೊದಲ ಪ್ರಶ್ನೆ.

ಕೂಪನ್ನಿನ ಮೇಲಿದ್ದ ನಂಬರಿಗೆ ಶಂಕರಲಿಂಗ ಫೋನ್ ಮಾಡಿದ. ದೊಡ್ಡ ಹಡಗಿನಲ್ಲಿ ಮೂರು ಅಡುಗೆಮನೆ, ಎಪ್ಪತ್ತು ಬಾಣಸಿಗರು ಇದ್ದಾರೆಂದು ಹುಡುಗಿಯೊಬ್ಬಳು ಹಿಂದಿಯಲ್ಲಿ ಹೇಳಿದಳು.

"ಒಂದ ಒಗ್ಗರಣಿ ಹಾಕಾಕ ಬಿಡ್ತಾರೇನು ಕೇಳು," ಎಂದ ಕಂಠೆಪ್ಪ ಪಕ್ಕದಿಂದ.

ಶಂಕರಲಿಂಗ ಕೇಳಿದ. ಪ್ರಯಾಣಿಕರನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ, ಸಾಹೇಬರಿಗೆ ಏನು ಬೇಕೋ ಹೇಳಿದರೆ ಮಾಡಿಕೊಡುತ್ತಾರೆ ಎಂದಳು.

"ಮಾಡಿಕೊಡೂದಲ್ಲ ತಂಗಿ, ನಾ ಮಾಡಬೇಕು," ಎಂದು ಕಂಠೆಪ್ಪ ಫೋನಿಗೇ ಬಾಯಿ ಇಟ್ಟ. "ಎಪ್ಪತ್ತ ಮಂದಿ ಅದಾರ. ಒಬ್ಬ ಹೆಚ್ಚಾದ್ರ ಏನಾಕೈತಿ?"

ಕನ್ನಡ ಬಾರದ ಹುಡುಗಿ ನಮಸ್ಕಾರ ಹೇಳಿ ಫೋನ್ ಇಟ್ಟಳು.

ನದಿಯ ಬೋಟಿನ ಸಂಗತಿ ಗಣಪ್ಪನಿಂದ ತಿಳಿಯಿತು. ಒಂದು ಕಾಲಕ್ಕೆ ಕಂಠೆಪ್ಪನ ಮೆಸ್ಸಿನಲ್ಲಿ ಉಂಡವನು, ಈಗ ಪಣಜಿಯಲ್ಲಿ ಅದೇ ಬೋಟಿನ ಟಿಕೆಟ್ ಹರಿಯುತ್ತಿದ್ದ. ಬೋಟಿನಲ್ಲಿ ಅಡುಗೆಮನೆಯೇ ಇಲ್ಲ, ತಿಂಡಿ ದಂಡೆಯಿಂದ ಡಬ್ಬಿಯಲ್ಲಿ ಬರುತ್ತದೆ ಎಂದ. ಬೆಂಕಿ ಹಚ್ಚುವ ಹಾಗಿಲ್ಲ. "ಬೆಂಕಿ ಒಂದ ಬಿಟ್ಟು ಬ್ಯಾರೆ ಏನರ ಮಾಡ್ಕೋರಿ, ಕಂಠೆಪ್ಪಣ್ಣ. ನಾ ಆ ಕಡಿ ನೋಡೂದಿಲ್ಲ."

ಅಲ್ಲಿಗೆ ಕಂಠೆಪ್ಪನ ನಿದ್ದೆ ಹಾಳಾಯಿತು. ಸಮುದ್ರದ್ದು ನಿಜವಾದ ಹಡಗು, ಆದರೆ ಅಡುಗೆ ಇಲ್ಲ. ನದಿಯದರಲ್ಲಿ ಅಡುಗೆಗೆ ಹೇಗೋ ಒಂದು ದಾರಿಯಿದೆ, ಆದರೆ ಅದನ್ನು ಹಡಗು ಎನ್ನಬಹುದೇ? ರದ್ದಿಯಲ್ಲಿ ಸಿಕ್ಕ ಹರಿದ ನಿಘಂಟಿನಲ್ಲಿ ಶಂಕರಲಿಂಗ ಹಡಗು ಶಬ್ದವನ್ನು ಹುಡುಕಿದ. "ದೊಡ್ಡ ದೋಣಿ" ಎಂದಿತ್ತು.

"ಎಷ್ಟು ದೊಡ್ಡದು?"

"ಅದನ್ನ ಬರದಿಲ್ಲ."

ಇಬ್ಬರೂ ಬಸ್ಸು ಹತ್ತಿ ಪಣಜಿಗೆ ಹೋದರು. ನಿಂತಿದ್ದ ಬೋಟಿನ ಉದ್ದಕ್ಕೆ ಕಂಠೆಪ್ಪ ದಂಡೆಯ ಮೇಲೆ ಹೆಜ್ಜೆ ಹಾಕಿದ. ನಲವತ್ತೊಂದು ಹೆಜ್ಜೆ. ಮೆಸ್ಸು ಮೂವತ್ತು ಹೆಜ್ಜೆ. ಮೆಸ್ಸಿಗಿಂತ ದೊಡ್ಡದಾದ್ದರಿಂದ ಹಡಗು ಎನ್ನಲು ಅಡ್ಡಿಯಿಲ್ಲ ಎಂದು ಅವನು ಒಪ್ಪಿಕೊಂಡ. ಬಸ್ಸಿನಲ್ಲಿ ಮರಳುವಾಗ ಮತ್ತೆ ಅನುಮಾನ ಬಂತು. ಸಮುದ್ರಕ್ಕೆ ಹೋಗದ ಹಡಗನ್ನು ಮಾವ ಒಪ್ಪುತ್ತಾನೆಯೇ?

ಹದಿನಾಲ್ಕನೇ ದಿನ ಲಕ್ಷ್ಮವ್ವನೇ ಈ ಗೊಂದಲವನ್ನು ಬಗೆಹರಿಸಿದಳು. ಅವಳು ಶಂಕರಲಿಂಗ ಕಾಯುವ ಕಟ್ಟಡದಲ್ಲಿ ಮನೆಗೆಲಸ ಮುಗಿಸಿ ಬಂದು ಕೂತಿದ್ದಳು; ಶಂಕರಲಿಂಗನೂ ಕೂಪನ್ ಹಿಡಿದು ಅಲ್ಲೇ ಇದ್ದ. ಎದುರಿಗೆ ಗಂಡ ಮಾಡಿಟ್ಟ ಪಲ್ಯ ಇತ್ತು. ಇಬ್ಬರು ಉಣ್ಣುವ ಮನೆಯಲ್ಲಿ ಎಂಟು ಮಂದಿಯ ಪಲ್ಯ. ಮೂವತ್ನಾಲ್ಕು ವರ್ಷದಲ್ಲಿ ಇಬ್ಬರಿಗೆಂದು ಅಡುಗೆ ಮಾಡುವುದು ಅವನಿಗೆ ಒಮ್ಮೆಯೂ ಬರಲಿಲ್ಲ.

"ಹಡಗಿನವರ, ಒಂದ ಮಾತ ಹೇಳ್ರಿ," ಎಂದಳು. "ಸಮುದ್ರಕ್ಕ ಹೋದ್ರ ನಾವಿಬ್ರ. ಇಬ್ರಿಗೆ ಏನಂತ ಮಾಡ್ತೀರಿ ನೀವು? ಎಷ್ಟ ಉಪ್ಪ ಹಾಕಬೇಕು ಅಂತರ ಗೊತ್ತೈತೇನು?"

ಕಂಠೆಪ್ಪ ಪಲ್ಯದ ಪಾತ್ರೆಗೆ ಮುಚ್ಚಳ ಮುಚ್ಚಿದ.

"ನದೀನ ಬರಸು," ಎಂದ ಶಂಕರಲಿಂಗನಿಗೆ.

ಬೆಂಕಿಯಿಲ್ಲದೆ ಮಾಡಬಹುದಾದ ಅಡುಗೆ ಎಂದರೆ ಗಿರ್ಮಿಟ್. ಉಳ್ಳಾಗಡ್ಡಿ, ಹುಣಸೆಯ ಗೊಜ್ಜನ್ನು ಮನೆಯಲ್ಲೇ ಕುದಿಸಿದ. ಚುರಮರಿ ಒಂದು ಚೀಲ, ಪುಟಾಣಿ ಹಿಟ್ಟು, ಕೊತ್ತಂಬರಿ, ಕರಿದ ಮೆಣಸಿನಕಾಯಿ. ಎಲ್ಲವನ್ನೂ ಹಡಗಿನೊಳಗೆ ತುಂಬಿ, ಆ ಹಡಗನ್ನು ಈ ಹಡಗಿಗೆ ಹತ್ತಿಸಿದರು. ಹಳೇ ಮೆಸ್ಸಿನವರು, ಚಾಳಿನವರು ಸೇರಿ ಹತ್ತು ಮಂದಿ. ಇದೇನೆಂದು ಬೋಟಿನ ಮ್ಯಾನೇಜರು ಕೇಳಿದ. "ಪೂಜಿ ಸಾಮಾನ್ರಿ," ಎಂದ ಗಣಪ್ಪ, ಮಾತಿಗೆ ತಕ್ಕಂತೆ ಬೇರೆ ಕಡೆ ನೋಡುತ್ತಾ.

ಬೋಟು ಬಿಟ್ಟಿತು. ಮೇಲೆ ಡೋಲು, ಗಿಟಾರು, ಬಣ್ಣದ ದೀಪ. ದಿಲ್ಲಿ, ಗುಜರಾತಿನಿಂದ ಬಂದ ಪ್ರವಾಸಿಗರು ಕುಣಿಯುತ್ತಿದ್ದರು. ಕುರ್ಚಿಗಳ ಹಿಂದೆ, ನೆಲದ ಮೇಲೆ ಹತ್ತು ಮಂದಿಯ ಪಂಕ್ತಿ ಕೂತಿತು. ಕಂಠೆಪ್ಪ ಟವೆಲು ಸೊಂಟಕ್ಕೆ ಬಿಗಿದು ಚುರಮರಿಗೆ ಗೊಜ್ಜು ಸುರಿದು, ಮೊಣಕೈವರೆಗೆ ಕೈ ಇಳಿಸಿ ಕಲಸಿದ.

"ಒಲಿ ಇಲ್ಲ, ಬೆಂಕಿ ಇಲ್ಲ. ಇದೂ ಒಂದ ಅಡಗಿ ಏನ್ರಿ?" ಎಂದಳು ಲಕ್ಷ್ಮವ್ವ.

"ನೀರ ಮ್ಯಾಲಿನ ಅಡಗಿ ಹಿಂಗ ಇರತೈತಿ. ನಿನಗೇನ ಗೊತ್ತು, ದಂಡಿ ಮ್ಯಾಲೆ ಬೆಳದಾಕಿ."

ವಾಸನೆಗೆ ಪ್ರವಾಸಿಗರೊಬ್ಬರು ಬಂದು ನಿಂತರು. ಅವರ ಹಿಂದೆ ಇನ್ನೊಬ್ಬರು. ನೋಡುನೋಡುತ್ತಲೇ ಸಾಲು ಮೆಟ್ಟಿಲವರೆಗೆ ಬೆಳೆಯಿತು. ಟಿಕೆಟ್ಟಿನಲ್ಲೇ ಸೇರಿದೆಯೆಂದು ಅವರು ತಿಳಿದಿದ್ದರು. ಮೈಕು ಹಿಡಿದವನಿಗೂ ಏನೂ ತಿಳಿಯದೆ, "ಈಗ ತಾವೆಲ್ಲ ಗೋವಾದ ಸಾಂಪ್ರದಾಯಿಕ ತಿನಿಸನ್ನು ಸವಿಯಬಹುದು" ಎಂದು ಹಿಂದಿಯಲ್ಲಿ ಸಾರಿಬಿಟ್ಟ. ಹತ್ತು ಮಂದಿಗೆಂದು ತಂದದ್ದು ಎಲ್ಲರಿಗೂ ಸಾಕಾಯಿತು. ಕಂಠೆಪ್ಪನ ಲೆಕ್ಕವೇ ಹಾಗೆ.

ನದಿ ಸಮುದ್ರಕ್ಕೆ ಬೀಳುವ ಕಡೆ ಬೋಟು ನಿಧಾನವಾಗಿ ತಿರುಗತೊಡಗಿತು. "ಇದು ಹೊಳಿಯೋ ಸಮುದ್ರೋ?" ಎಂದು ಲಕ್ಷ್ಮವ್ವ ಕೇಳಿದಳು. ಇಲ್ಲಿ ಎರಡೂ ಹೌದು ಎಂದ ಗಣಪ್ಪ. ಅಷ್ಟು ಕೇಳಿದ್ದೇ ಕಂಠೆಪ್ಪ ಕೈ ಒರೆಸಿಕೊಂಡು ಊರಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಮಾವಾರ, ಹಡಗಿನ್ಯಾಗ ಅಡಗಿ ಮಾಡಾಕತ್ತೇನ್ರಿ."

ಡೋಲಿನ ಸದ್ದು ಜೋರಾಗಿತ್ತು. "ಏನಂದಿ?"

"ಹಡಗಿನ್ಯಾಗ್ರಿ. ಅಡಗಿ."

"ಅಡಗಿ?" ಎಂದ ಮುದುಕ. "ಬಾಜಾ ಕೇಳತೈತಲ್ಲ. ಯಾರದರ ಮದುವಿ ಅಡಗಿ ಹಿಡದಿ ಏನು? ಹಡಗ ಬಿಟ್ಟ್ಯಾ?"

ಕಂಠೆಪ್ಪ ಫೋನನ್ನು ಇನ್ನಷ್ಟು ಹತ್ತಿರ ಹಿಡಿದ.

"ಚಲೋ ಮಾಡಿದಿ," ಎಂದು ಸೋಮಲಪ್ಪ ಮುಂದುವರಿಸಿದ. "ಮೂವತ್ತನಾಕ ವರ್ಷ ನೀರಿನ ಮ್ಯಾಲೆ ಅಂದ್ರ ಭಾಳಾತು. ಮಳಿ ಮುಗೀತಂದ್ರ ನನಗ ನಿದ್ದಿ ಹತ್ತತಿದ್ದಿಲ್ಲ, ಯಾವಾಗ ಮುಣಗತೀಯೋ ಅಂತ. ಮಾಸ್ತರಗ ಕೊಟ್ಟಿದ್ರ ಚಲೋ ಇತ್ತೇನೋ ಅಂತ ಎಷ್ಟ ಸಲ ಅನಿಸೈತಿ. ಇನ್ನ ದಂಡಿ ಮ್ಯಾಲೆ ಕುಂತು ಅಡಗಿ ಮಾಡು, ಆರಾಮ ಇರು."

ಕಂಠೆಪ್ಪ ನಗಲು ಶುರು ಮಾಡಿದ. ನಿಲ್ಲಲಾರದೆ ಬೋಗುಣಿಯ ಅಂಚು ಹಿಡಿದು ಕೂತ. ಅವನು ಹಾಗೆ ನಕ್ಕದ್ದನ್ನು ಶಂಕರಲಿಂಗ ಅದಕ್ಕೆ ಮೊದಲು ನೋಡಿರಲಿಲ್ಲ. ಹೇಳಲಾಗದೆ ಉಳಿದ ನಿಜವನ್ನು ಮುದುಕ ತಾನೇ ತಪ್ಪು ಕೇಳಿಸಿಕೊಂಡು ತೀರಿಸಿಬಿಟ್ಟಿದ್ದ.

"ಅಲ್ಲೋ, ಆ ಹಡಗಿನ ಹೆಸರರ ಏನಿತ್ತು?" ಎಂದಿತು ಫೋನು. "ಇಷ್ಟ ವರ್ಷ ನಾ ಕೇಳಲಿಲ್ಲ, ನೀ ಹೇಳಲಿಲ್ಲ."

ಲಕ್ಷ್ಮವ್ವ ಬೋಗುಣಿಯೊಳಗೆ ಬಾಗಿ ತಳದ ಚುರಮರಿ ಬಳಿಯುತ್ತಿದ್ದಳು. ಕಂಠೆಪ್ಪ ಅವಳನ್ನು ನೋಡಿ, "ಲಕ್ಷ್ಮವ್ವ ಅಂತ್ರಿ," ಎಂದ.

"ಹೌದ? ನನ್ನ ಮಗಳ ಹೆಸರ?" ಮುದುಕನ ದನಿ ಸಣ್ಣದಾಯಿತು. "ಅದರ ಮ್ಯಾಲೆ ಬರದಾರೇನು?"

"ಬರದಾರ್ರಿ."

ಅದು ಮಂಗಳವಾರ. ಒಂದು ಸುಳ್ಳು ತೀರಿದ ಗಳಿಗೆಯಲ್ಲೇ ಇನ್ನೊಂದು ಹುಟ್ಟಿತ್ತು. ಇದನ್ನು ಮತ್ತೆ ಮೂವತ್ನಾಲ್ಕು ವರ್ಷ ಇಟ್ಟುಕೊಳ್ಳುವ ಮನಸ್ಸು ಕಂಠೆಪ್ಪನಿಗೆ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಬೋಗುಣಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಶಂಕರಲಿಂಗನನ್ನು ಕರೆದುಕೊಂಡು ಮಾಪ್ಸಾಕ್ಕೆ ಹೊರಟ. ಅಲ್ಲಿ ಪಾತ್ರೆ ಅಂಗಡಿಯ ಮುಂದೆ ಹೆಸರು ಕೊರೆಯುವವನೊಬ್ಬ ಉಳಿ, ಸುತ್ತಿಗೆ ಇಟ್ಟುಕೊಂಡು ಕೂರುತ್ತಾನೆ.

"ಕಿತೆಂ ನಾಂವ್?" ಎಂದು ಅವನು ಕೊಂಕಣಿಯಲ್ಲಿ ಹೆಸರು ಕೇಳಿದ. ಅವನಿಗೆ ಕನ್ನಡದ ಅಕ್ಷರ ಬಾರದು. ಕಂಠೆಪ್ಪ ಇದ್ದಿಲಿನಿಂದ ಬೋಗುಣಿಯ ಹೊಟ್ಟೆಯ ಮೇಲೆ ದೊಡ್ಡದಾಗಿ ಬರೆದುಕೊಟ್ಟ. ಅವನು ಹೂವಿನ ಚಿತ್ರ ತಿದ್ದುವವನ ಹಾಗೆ ಗೆರೆಯ ಮೇಲೆಯೇ ಕೊರೆದ. ಮುಗಿಸಿ, ಮಸಿ ಒರೆಸಿ, ತಿರುಗಿಸಿ ತೋರಿಸಿದ.

ಶಂಕರಲಿಂಗ ಓದಿದ. ಲಕ್ಷ್ಮವ ಎಂದಿತ್ತು. ಕೊನೆಯ ಅಕ್ಷರದ ಕೆಳಗಿದ್ದ ಒತ್ತನ್ನು ಕೊರೆಯುವವನು ಇದ್ದಿಲಿನ ಕಲೆ ಎಂದು ತಿಳಿದು ಒರೆಸಿಬಿಟ್ಟಿದ್ದ.

"ಇರ್ಲಿ ಬಿಡೋ, ತಿಳೀತೈತಿ," ಎಂದ ಶಂಕರಲಿಂಗ. ಬಿಸಿಲು ಏರಿತ್ತು, ಕಂಠೆಪ್ಪನ ಮುಖ ಬೆವರಿತ್ತು.

"ಹಂಗ ಬಿಡಾಕ ಬರೂದಿಲ್ಲ. ಒತ್ತ ಇಲ್ಲಂದ್ರ ಅದು ಬ್ಯಾರೆ ಯಾರೋ ಆಗತಾಳ."

ಹೆಸರು ಕೊರೆಯುವವನು ಊಟಕ್ಕೆ ಏಳುತ್ತಿದ್ದ. ಕಂಠೆಪ್ಪ ಅವನ ಉಳಿ, ಸುತ್ತಿಗೆ ಕೇಳಿ ಇಸಿದುಕೊಂಡು ಮೆಟ್ಟಿಲ ಮೇಲೆ ಕೂತ. ಹಡಗನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ವ ಅಕ್ಷರದ ಕೆಳಗೆ ಉಳಿ ಊರಿ, ಸಣ್ಣ ಸಣ್ಣ ಪೆಟ್ಟು ಹಾಕುತ್ತಾ ಒತ್ತು ಕೊರೆದ. ಮೇಲೆ ಕೂತ ಬೆಳ್ಳನೆಯ ಪುಡಿಯನ್ನು ಬಾಯಿಂದ ಊದಿದ.