ಹೋಗಿ ಬಂದವರ ಪುಸ್ತಕ

ಹನುಮಂತಯ್ಯನ ತಿಥಿಯ ದಿನ ಪಟ್ಟಂದೂರು ಅಗ್ರಹಾರದ ಅವನ ಮೊಬೈಲ್ ಅಂಗಡಿಯ ಮುಂದೆ ಶಾಮಿಯಾನ ಹಾಕಿ, ಎರಡನೇ ಪಂಕ್ತಿಗೆ ಎಲೆ ಹಾಸುತ್ತಿದ್ದರು. ಕೊರಳಿಗೆ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡ ಯುವಕನೊಬ್ಬ ಬಂದು ಮುಚ್ಚಿದ ಶಟರನ್ನೇ ನೋಡುತ್ತ ನಿಂತ.

"ಅಂಕಲ್ ಇಲ್ವಾ? ನಾಳೆ ಫ್ರಾಂಕ್‌ಫರ್ಟ್‌ಗೆ ಹೊರಟಿದೀನಿ. ಯಾವ ಸಿಮ್ ತಗೊಳ್ಳೋದು ಅಂತ ಕೇಳ್ಬೇಕಿತ್ತು."

ಬಾಗಿಲಲ್ಲಿ ಕೂತಿದ್ದ ಹನುಮಂತಯ್ಯನ ಹೆಂಡತಿ ರಾಮಮ್ಮ ತಲೆ ಎತ್ತಿದಳು. "ಅವ್ರು ಓಗಿರೋ ಊರಲ್ಲಿ ಯಾವ ಸಿಮ್ಮೂ ಎತ್ತಲ್ಲ ಕಣಪ್ಪ. ಕೂತ್ಕೋ, ಊಟ ಮಾಡ್ಕೊಂಡ್ ಓಗು."

ಹುಡುಗ ಪೆಚ್ಚಾದ. ಆದರೂ ಕೂತು ಉಂಡ. ಪಾಯಸ ಎರಡು ಸಲ ಹಾಕಿಸಿಕೊಂಡ.

ಬದುಕಿದ್ದಿದ್ದರೆ ಹನುಮಂತಯ್ಯ ಈ ಪ್ರಸಂಗವನ್ನು ಒಂದು ವಾರ ಹೇಳಿಕೊಂಡು ನಗುತ್ತಿದ್ದ. ಬದುಕಿಡೀ ಒಂದೇ ಸಲ ಬಿಟ್ಟರೆ ಹೊಸೂರಿನಿಂದ ಆಚೆಗೆ ಕಾಲಿಡದೆಯೇ ಇಪ್ಪತ್ತು ಚಿಲ್ಲರೆ ದೇಶಗಳಲ್ಲಿ ಯಾವ ಫೋನು ಎಲ್ಲಿ ಉಸಿರಾಡುತ್ತದೆ, ಎಲ್ಲಿ ಸಾಯುತ್ತದೆ ಎಂದು ಬಲ್ಲವನು ಅವನು. ಅವನಪ್ಪ ರಾಗಿ ಬಿತ್ತಿದ ಹೊಲದ ಮೇಲೆ ಟೆಕ್ ಪಾರ್ಕಿನವರು ಕಾರು ನಿಲ್ಲಿಸುತ್ತಿದ್ದರು. ಉಳಿದ ತುಂಡು ಜಾಗದಲ್ಲಿ ಅವನು ಹಿಂದೆ ಸಾಲಾಗಿ ಶೀಟಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟ, ಮುಂದೆ ಅಂಗಡಿ ಇಟ್ಟ. ಅಮೆರಿಕದ ಬ್ಯಾಂಕುಗಳ ಗೋಜಲನ್ನು ಕೂತಲ್ಲೇ ಬಿಡಿಸುವ ಜನ ತಮ್ಮ ಫೋನಿನಲ್ಲಿ ರೋಮಿಂಗ್ ಆರಿಸುವುದೆಲ್ಲಿ ಎಂದು ತಿಳಿಯದೆ, ಮುಳ್ಳು ಚುಚ್ಚಿದ ಕೈಯನ್ನು ಅಜ್ಜಿಗೆ ಚಾಚುವ ಮಕ್ಕಳಂತೆ, ಅವನ ಮುಂದೆ ಫೋನು ಚಾಚುತ್ತಿದ್ದರು.

ಅವನ ವಿದ್ಯೆಯೆಲ್ಲ ಇದ್ದದ್ದು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ. ಕಂಪನಿಗಳು ಕೊಟ್ಟ ಬಣ್ಣಬಣ್ಣದ ಕಾಗದಗಳನ್ನು ಅವನು ಓದದೆ ಪಕ್ಕದ ಬೋಂಡದ ಗಾಡಿಗೆ ದಾನ ಮಾಡುತ್ತಿದ್ದ. "ಮಾರೋನ ಮಾತು ಬ್ಯಾಡ, ಓಗೋನ ಮಾತೂ ಬ್ಯಾಡ. ಓಗಿ ಬಂದೋನ ಮಾತು ಬೇಕು" ಎನ್ನುತ್ತಿದ್ದ. ಊರಿಗೆ ಮರಳಿದವರನ್ನು ಸ್ಟೂಲಿನ ಮೇಲೆ ಕೂರಿಸಿ ಪೊಲೀಸರಂತೆ ವಿಚಾರಿಸುತ್ತಿದ್ದ. ಏರ್‌ಪೋರ್ಟಿನಲ್ಲಿ ಎತ್ತಿತಾ? ರೈಲಲ್ಲಿ? ಲಿಫ್ಟಲ್ಲಿ? ಆಮೇಲೆ ಬರೆಯುತ್ತಿದ್ದ: "ಚಿಕಾಗೋ. ತಾರಾ ಒಳ್ಳೇದು. ಲಿಫ್ಟಲ್ಲಿ ಸಾಯುತ್ತೆ." "ಲಂಡನ್. ಅಲ್ಲೇ ತಗೊಳ್ಳೋದು. ಇಲ್ಲಿಂದ ಒಯ್ದರೆ ದಂಡ." "ಮಸ್ಕತ್. ಹಂಸ ಮೂಗ. ಮೂರು ಜನ ಹೇಳಿದರು." ತಾರಾ, ಹಂಸ ಎನ್ನುವವು ಆಗ ನಡೆಯುತ್ತಿದ್ದ ಫೋನ್ ಕಂಪನಿಗಳು. ಅಂಗಡಿಯ ಹಣೆಯ ಮೇಲಿದ್ದ ದೀಪದ ಬೋರ್ಡು ಹಂಸದವರದೇ. ಆದರೂ ಅವರ ವಿರುದ್ಧ ಬರೆಯಲು ಅವನು ಹಿಂಜರಿಯುತ್ತಿರಲಿಲ್ಲ.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ಆ ನೇಮ ತಪ್ಪಿತು. ನಾಲ್ಕೈದು ಜನ ಸಾಫ್ಟ್‌ವೇರಿನವರು ಅಂಗಡಿಯ ಮುಂದೆ ನಿಂತಿದ್ದರು. ಅವರಿಗೆ ಆಮ್‌ಸ್ಟರ್‌ಡ್ಯಾಮಿನ ಸುರಂಗ ರೈಲಿನಲ್ಲಿ ಸಿಗ್ನಲ್ ಎಲ್ಲಿ ಹೋಗುತ್ತದೆಂದು ಇವನು ವಿವರಿಸುತ್ತಿದ್ದಾಗ ಒಬ್ಬಳು ಕೇಳಿದಳು: "ಅಂಕಲ್, ನೀವು ಹೋಗಿದೀರಾ?"

"ನಾನಾ? ಇಲ್ಲಮ್ಮ."

"ಮತ್ತೆ ಹೋಗಿ ಬಂದೋರ ಮಾತು ಅಂತೀರಾ!"

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಹನುಮಂತಯ್ಯನಿಗೆ ಅದು ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಉಳಿಯಿತು. ಅದೇ ವಾರ ಹಂಸ ಕಂಪನಿಯವನು ಟೈ ಸರಿಮಾಡಿಕೊಂಡು ಬಂದ. ತಿಂಗಳೊಳಗೆ ಇಪ್ಪತ್ತು ಜನಕ್ಕೆ ಹಂಸದ ವಿದೇಶಿ ರೋಮಿಂಗ್ ಮಾರಿದ ಅಂಗಡಿಯವನಿಗೆ ಸಿಂಗಪುರ ಪ್ರವಾಸ, ನಾಲ್ಕು ದಿನ, ಊಟ ತಿಂಡಿ ಸಮೇತ.

ಹನುಮಂತಯ್ಯ ಮೊದಲ ಸಲ ಪುಸ್ತಕ ಮುಚ್ಚಿಟ್ಟು ಬಾಯಿಂದ ವ್ಯಾಪಾರ ಮಾಡಿದ. ಹತ್ತೊಂಬತ್ತು ಜನ ಟೆಕ್ ಪಾರ್ಕಿನವರು. ಅವರಿಗೆ ಕಂಪನಿಯ ಫೋನೂ ಇರುತ್ತೆ, ಈಮೇಲೂ ಇರುತ್ತೆ, ಮುಳುಗುವುದೇನಿದೆ ಎಂದು ಮನಸ್ಸಿಗೆ ಬೆಣ್ಣೆ ಹಚ್ಚಿಕೊಂಡ. ಇಪ್ಪತ್ತನೆಯವನು ಬಸಲಿಂಗ.

ಬಸಲಿಂಗ ಹಿಂದಿನ ಶೀಟಿನ ಮನೆಯ ಬಾಡಿಗೆದಾರ, ಬಾಗಲಕೋಟೆ ಕಡೆಯವನು. ಟೆಕ್ ಪಾರ್ಕಿನಲ್ಲಿ ಏಸಿಯ ತಗಡಿನ ಕೊಳವೆ ಕೂರಿಸುತ್ತಿದ್ದ. ಮೇಸ್ತ್ರಿ ಅವನನ್ನು ಮಸ್ಕತ್ತಿನ ಕೆಲಸಕ್ಕೆ ಕಳಿಸುವವನಿದ್ದ.

"ಮಾಲಕ್ರ, ಮಸ್ಕತ್ತಿನ್ಯಾಗ ಯಾವ ಸಿಮ್ ನಡೀತೈತ್ರಿ? ಇಲ್ಲಿ ಅವ್ವ ಒಬ್ಬಾಕಿನ ಇರ್ತಾಳ. ದಿನಾ ಒಂದ್ ಮಾತು ಆಡಿದ್ರ ಸಾಕು ಆಕಿಗೆ."

ಹನುಮಂತಯ್ಯನ ಕೈ ರೂಢಿಯಂತೆ ಪುಸ್ತಕ ತೆಗೆಯಿತು. ಮಸ್ಕತ್ತಿನ ಪುಟವೂ ತೆರೆಯಿತು. ಬಸಲಿಂಗನಿಗೆ ಓದು ಬರುತ್ತಿತ್ತು. ಆದರೆ ಮಾಲೀಕರ ಪುಸ್ತಕವನ್ನು ಬಗ್ಗಿ ನೋಡುವುದು ಮರ್ಯಾದೆಯಲ್ಲವೆಂದು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ.

"ಹಂಸನೇ ಇರ್ಲಿ ಬಿಡು" ಎಂದ ಹನುಮಂತಯ್ಯ, ಪುಸ್ತಕ ಮುಚ್ಚುತ್ತ.

ಬಸಲಿಂಗ ವಿಮಾನ ಹತ್ತಿದ. ಮೂರನೆಯ ಬೆಳಿಗ್ಗೆ ಅವನವ್ವ ಮಲಕವ್ವ ಅಂಗಡಿಗೆ ಬಂದಳು.

"ಅಣ್ಣಾರ, ನನ್ನ ಫೋನ್ ಕೆಟ್ಟೈತೇನು ನೋಡ್ರಿ. ಕೂಸಿನ ದನೀನ ಬರವಲ್ದು."

ಫೋನಿಗೇನೂ ಆಗಿರಲಿಲ್ಲ. ಹನುಮಂತಯ್ಯ ಹಿಂದಿನ ಮುಚ್ಚಳ ತೆಗೆದ, ಬ್ಯಾಟರಿಯನ್ನು ಅಂಗಿಯ ಅಂಚಿನಿಂದ ಒರೆಸಿದ, ಸಿಮ್ಮಿಗೆ ಉಫ್ ಎಂದು ಊದಿ ಮತ್ತೆ ಕೂರಿಸಿದ. "ಧೂಳು ಕೂತಿತ್ತು ಕಣಮ್ಮ. ಈಗ ಸರಿ ಓಯ್ತು."

ಮರುದಿನವೂ ಬಂದಳು. ಮತ್ತೆ ಧೂಳು. ಅದರ ಮರುದಿನವೂ ಧೂಳು. ರಾಮಮ್ಮ ಒಳಗಿನಿಂದಲೇ ಕೇಳಿದಳು: "ಏನ್ರೀ, ದಿನಾ ಇಷ್ಟು ಧೂಳು ಕೂರಕ್ಕೆ ಆವಮ್ಮ ಏನ್ ಜಲ್ಲಿ ಕ್ರಷರ್‌ನಲ್ಲಿ ಮಲಗ್ತಾಳಾ?"

ಮಲಕವ್ವ ಮಾತ್ರ ನಂಬಿದಳು. ಧೂಳು ಸೋಕದಿರಲೆಂದು ಫೋನನ್ನು ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ರೊಟ್ಟಿಯ ಡಬ್ಬಿಯಲ್ಲಿಟ್ಟಳು. ಡಬ್ಬಿಯಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ. ಎಂಟನೆಯ ದಿನದಿಂದ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ನಿಂತಿತ್ತು. ಹನುಮಂತಯ್ಯ ಅದನ್ನು ಗಮನಿಸಿದ. ಗಮನಿಸಿ, ಸಿಂಗಪುರಕ್ಕೆಂದು ಹೊಲಿಯಲು ಕೊಟ್ಟಿದ್ದ ಸಫಾರಿಯ ಅಳತೆ ನೋಡಿ ಬರಲು ಹೋದ.

ಅವಳು ಫೋನು ಹಿಡಿದು ಬರತೊಡಗಿ ಹನ್ನೊಂದನೆಯ ದಿನ ಅಂಗಡಿಯ ಕಾಯಿನ್ ಬಾಕ್ಸ್ ಫೋನು ಹೊಡೆದುಕೊಂಡಿತು. ಬಸಲಿಂಗ, ಕ್ಯಾಂಪಿನ ಯಾವನೋ ಮಲಯಾಳಿಯ ಫೋನಿನಿಂದ.

"ಮಾಲಕ್ರ, ಸಿಮ್ ಒಂದ್ ದಿನಾನೂ ಎದ್ದಿಲ್ರಿ. ನೀವು ಕೊಟ್ಟದ್ದು ತಪ್ಪಿರೂದಿಲ್ಲ, ನಾನ ಏನರ ಒತ್ತಬಾರದ್ದು ಒತ್ತೀನಿ. ಬೈಬ್ಯಾಡ್ರಿ."

ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹನುಮಂತಯ್ಯ ಹೇಳಿದ್ದು: "ಇರ್ಲಿ ಬಿಡೋ. ಸೆಟ್ಟಿಂಗ್ ಏನೋ ಎಚ್ಚುಕಮ್ಮಿ ಆಗಿರ್ಬೇಕು. ಅಲ್ಲೇ ಒಂದು ಸಿಮ್ ತಗೋ."

ಕೂಗಿ ಕರೆದದ್ದೇ ಮಲಕವ್ವ ಬರಿಗಾಲಲ್ಲಿ ಓಡಿ ಬಂದು ಫೋನು ಹಿಡಿದಳು. "ಉಂಡೀಯೇನು?" ಎಂದು ಮೂರು ಸಲ ಕೇಳಿದ್ದು ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತು ಹೊರಡಲಿಲ್ಲ. ಫೋನಿಟ್ಟು ಹನುಮಂತಯ್ಯನಿಗೆ ಕೈ ಮುಗಿದಳು. "ನೀವಿದ್ದದ್ದಕ್ಕ ನನ್ನ ಮಗನ ದನಿ ಕೇಳಿದೆ, ಅಣ್ಣಾರ."

ಅವತ್ತು ಮಧ್ಯಾಹ್ನ ಹನುಮಂತಯ್ಯ ಮುದ್ದೆ ಮುಟ್ಟಲಿಲ್ಲ. ಹಾಗೆಂದು ಸಿಂಗಪುರವನ್ನೂ ಬಿಡಲಿಲ್ಲ. ಸತ್ತವನನ್ನು ದೊಡ್ಡವನನ್ನಾಗಿ ಮಾಡುವುದು ಸುಲಭ. ಅವನು ಅಷ್ಟು ದೊಡ್ಡವನಾಗಿರಲಿಲ್ಲ, ಸಫಾರಿ ಬೇರೆ ಹೊಲಿದು ಬಂದಿತ್ತು.

ಸಿಂಗಪುರದಲ್ಲಿ ನಲವತ್ತು ಜನ ಅಂಗಡಿಯವರು, ಎಲ್ಲರ ತಲೆಯ ಮೇಲೆ ಹಂಸದ ಚಿತ್ರವಿದ್ದ ಬಿಳಿ ಟೋಪಿ, ಎಲ್ಲರ ಜೇಬಿನಲ್ಲಿ ಹಂಸದ ಸಿಮ್ಮು. ವಿಮಾನ ಇಳಿದ ಗಳಿಗೆಯಿಂದ ಒಬ್ಬರ ಫೋನೂ ಮಿಸುಕಲಿಲ್ಲ. ಹಾಗೆಂದು ಬಾಯಿ ಬಿಡುವಂತಿರಲಿಲ್ಲ. ಮುಂದೆ ಕಂಪನಿಯ ದೊಡ್ಡ ಸಾಹೇಬರು ಬಾವುಟ ಹಿಡಿದು ನಡೆಯುತ್ತಿದ್ದರು. ನೀರು ಉಗುಳುವ ಕಲ್ಲಿನ ಸಿಂಹದ ಮುಂದೆ ನಿಲ್ಲಿಸಿ, "ಮನೆಗೆ ಫೋನ್ ಮಾಡಿ, ಸಿಂಹದ ಮುಂದಿದೀವಿ ಅಂತ ಹೇಳಿ!" ಎಂದು ಅವರು ಅಪ್ಪಣೆ ಕೊಡಿಸಿದರು. ನಲವತ್ತು ಜನರೂ ಸತ್ತ ಫೋನನ್ನು ಕಿವಿಗೆ ಹಚ್ಚಿದರು. ಹೊಸಕೋಟೆಯವನೊಬ್ಬ, "ಊಂ ಕಣೇ, ಪಕ್ಕದಲ್ಲೇ ಕೂತಂಗೆ ಕೇಳುಸ್ತೈತೆ!" ಎಂದು ಗಂಟಲು ಹರಿದುಕೊಂಡ. ಹನುಮಂತಯ್ಯನೂ, "ರಾಮಿ, ಊಟ ಆಯ್ತಾ?" ಎಂದ. ಎಂದು, ಉತ್ತರಕ್ಕೆ ಕಾಯುವವನ ಹಾಗೆ ಫೋನನ್ನು ಕಿವಿಗೊತ್ತಿ ನಿಂತ.

ಪಕ್ಕದಲ್ಲಿದ್ದ ಅತ್ತಿಬೆಲೆಯ ಅಂಗಡಿಯವನು ಫೋನು ಕಿವಿಯಿಂದ ತೆಗೆಯದೆ, ಇತ್ತ ತಿರುಗದೆ, ಮೆಲ್ಲಗೆ ಕೇಳಿದ: "ಅಣ್ಣ, ನಿಮ್ದು ಎತ್ತುತ್ತಾ?"

ಹನುಮಂತಯ್ಯನೂ ಸಿಂಹವನ್ನೇ ನೋಡುತ್ತ ತನ್ನ ಫೋನಿಗೆ ಹೇಳಿದ: "ಇಲ್ಲ ಕಣಪ್ಪ. ನಿಮ್ದು?"

"ನಂದೂ ಇಲ್ಲ. ಎಷ್ಟು ಜನಕ್ಕೆ ಕೊಟ್ರಿ?"

"ಇಪ್ಪತ್ತು."

"ನಾನು ಇಪ್ಪತ್ತಾರು." ಅತ್ತಿಬೆಲೆಯವನು ಮತ್ತೆ ಕೇಳಿದ: "ಅವ್ರೂ ಎಲ್ಲೋ ಇಂಗೇ ನಿಂತಿರ್ತಾರಾ, ಅಣ್ಣ?"

ಹನುಮಂತಯ್ಯ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಸಾಹೇಬರು ನೋಡಿದರು. ನೋಡಲಿ ಎಂದು ಟೋಪಿಯನ್ನೂ ತೆಗೆದ.

ಊರಿಗೆ ಬಂದಾಗ ಅಂಗಡಿಯ ಕಟ್ಟೆಯ ಮೇಲೆ ರಾಮಮ್ಮ, ಮಲಕವ್ವ ಇಬ್ಬರೂ ಕೂತಿದ್ದರು. ರಾಮಮ್ಮನ ಕಣ್ಣು ಕೆಂಪಾಗಿದ್ದವು. "ನಾಕು ದಿನ ಮಾಡ್ದೆ, ಒಂದ್ ಸಲನಾದ್ರೂ ಎತ್ತಿದ್ರಾ? ಇದಾರೋ ಓಗ್ಬುಟ್ರೋ ಅಂತ..."

"ನಾನಿದ್ನೆಲ್ರಿ" ಎಂದಳು ಮಲಕವ್ವ, ಸಮಾಧಾನದ ದನಿಯಲ್ಲಿ. "ಧೂಳು ಕೂತಿರತೈತಿ, ಅಂಜಬ್ಯಾಡ್ರಿ ಅಂತ ಹೇಳಿ, ಅಕ್ಕಾರ ಫೋನ್ ದಿನಾ ಮುಂಜಾನೆ ನಾನ ಒರೆಸಿಕೊಟ್ಟೀನಿ. ನೀವು ಮಾಡ್ತಿದ್ರೆಲ್ಲ, ಹಂಗ. ಊದಿ."

ಹನುಮಂತಯ್ಯ ಚೀಲ ಕೆಳಗಿಟ್ಟ. ಶಟರೆತ್ತಿ ಒಳಗೆ ಹೋಗಿ ಪುಸ್ತಕ ತಂದು ಮಸ್ಕತ್ತಿನ ಪುಟ ತೆರೆದ. ಮಲಕವ್ವನಿಗೆ ಓದು ಬಾರದು. ಅವನೇ ಓದಿ ಹೇಳಿದ. "ಧೂಳಿರ್ಲಿಲ್ಲ ಕಣಮ್ಮ. ಸಿಮ್ ಎತ್ತಲ್ಲ ಅಂತ ಮೊದ್ಲೇ ಬರ್ಕೊಂಡಿದ್ದೆ. ಗೊತ್ತಿದ್ದೂ ಕೊಟ್ಟೆ. ಸಿಂಗಪುರದ ಆಸೆಗೆ."

ಮಲಕವ್ವ ಪುಸ್ತಕ ನೋಡಿದಳು, ಅವನನ್ನು ನೋಡಿದಳು. "ಮತ್ತ ಹನ್ನೊಂದು ದಿನ ನೀವು ಒರೆಸಿದ್ದೇನು?"

ಅವಳು ಎದ್ದುಹೋದಳು. ಮನೆ ಬಿಡಲಿಲ್ಲ, ಜಗಳ ತೆಗೆಯಲಿಲ್ಲ. ಆದರೆ ಮುಂದಿನ ಎರಡು ವರ್ಷ, ಮಂಡಿ ನೋವಿಟ್ಟುಕೊಂಡು, ಅವನ ಅಂಗಡಿಯ ಮುಂದೆಯೇ ಹಾದು, ಕಾಡುಗೋಡಿಯವರೆಗೆ ಹೋಗಿ ರೀಚಾರ್ಜ್ ಮಾಡಿಸಿಕೊಂಡು ಬಂದಳು. ಹಾದುಹೋಗುವಾಗ ಪ್ರತಿ ಸಲವೂ ಹನುಮಂತಯ್ಯ ಎದ್ದು ನಿಲ್ಲುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ.

ಊರಿಗೆ ಮರಳಿದ ದಿನವೇ ಅವನು ಪುಸ್ತಕದಲ್ಲಿ ಬರೆದ: "ಸಿಂಗಪುರ. ಹಂಸ ಮೂಗ. ಹೇಳಿದವನು ಹನುಮಂತಯ್ಯ, ಹೋಗಿ ಬಂದೆ." ಅದನ್ನೇ ದೊಡ್ಡದಾಗಿ ಇನ್ನೊಂದು ಹಾಳೆಯಲ್ಲಿ ಬರೆದು ಗಾಜಿಗೂ ಅಂಟಿಸಿದ. ವಾರದೊಳಗೆ ಹಂಸದವರು ಬಂದು ಬೋರ್ಡು ಬಿಚ್ಚಿಕೊಂಡು ಹೋದರು. ಅಂಗಡಿಯ ಹಣೆ ಕೊನೆಯವರೆಗೂ ಬೋಳಾಗಿಯೇ ಇತ್ತು.

ಎರಡು ವರ್ಷದ ಮೇಲೆ ಬಸಲಿಂಗ ರಜೆಗೆ ಬಂದ. ಈ ಸಲ ದೋಹಾಕ್ಕೆ ಹೊರಟಿದ್ದ. ಅವನು ಕಾಡುಗೋಡಿಗೆ ಹೋಗುವುದು ಬಿಟ್ಟು ಇಲ್ಲೇ ಬಂದ, ಹಿಂದೆ ಮಲಕವ್ವ. ಹನುಮಂತಯ್ಯ ಗಡಬಡಿಸಿ ಎದ್ದು, "ದೋಹಾಕ್ಕೆ ತಗೊಳ್ಳೋದಾದ್ರೆ..." ಎಂದು ಶುರುಮಾಡಿದ.

"ನೀವು ಮಾತಾಡಬ್ಯಾಡ್ರಿ" ಎಂದಳು ಮಲಕವ್ವ. "ಪುಸ್ತಕ ಕೊಡ್ರಿ. ನನ್ನ ಮಗಗ ಓದಾಕ ಬರತೈತಿ."

ಹನುಮಂತಯ್ಯ ಪುಸ್ತಕವನ್ನು ತಿರುಗಿಸಿ ಅವರ ಕಡೆ ಮುಖ ಮಾಡಿ ಇಟ್ಟ. ಬಸಲಿಂಗ ಬೆರಳಿಟ್ಟು ಓದಿದ. ಅವತ್ತಿನಿಂದ ಆ ಅಂಗಡಿಯಲ್ಲಿ ಪುಸ್ತಕದ ಮುಖ ಗಿರಾಕಿಯ ಕಡೆಗೇ. ಬಂದವರು ತಾವೇ ಓದಿಕೊಳ್ಳುವವರೆಗೆ ಹನುಮಂತಯ್ಯ ಬಾಯಿ ತೆರೆಯುತ್ತಿರಲಿಲ್ಲ. ಮಾತಿನ ಮಲ್ಲನಾಗಿದ್ದ ಅವನಿಗೆ ಅದೆಷ್ಟು ಕಷ್ಟವಾಯಿತೆಂದು ಹತ್ತಿರದಿಂದ ಕಂಡವರು ಬಲ್ಲರು.

ತಿಥಿಯ ದಿನ ಆ ಹುಡುಗ ಕೈ ತೊಳೆದುಕೊಂಡು ಬಂದಾಗ ರಾಮಮ್ಮ ಪುಸ್ತಕ ತಂದಳು. ರಟ್ಟು ಕಿತ್ತುಹೋಗಿತ್ತು. ಅದನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು.

"ಓದ್ಕೊಂಡ್ ಓಗು" ಎಂದಳು. "ಬಂದ್ಮೇಲೆ ಬಂದು ಯೋಳು. ಲಿಫ್ಟಲ್ಲಿ ಎತ್ತುತ್ತಾ ಅಂತ ನೋಡ್ಕೊಂಡ್ ಬರೋದು ಮರೀಬ್ಯಾಡ."