ನಾಟಿಯ ಸಾಲಿನಲ್ಲಿ ಅವ್ವನ ಜಾಗ

ಅವ್ವ ಮೊದಲು ಕೆಮ್ಮಿದ್ದು ಜಗಳೂರು ಕಡೆಯ ನಮ್ಮೂರಿನಲ್ಲೋ, ಹೊನ್ನಾಳಿಯ ಗದ್ದೆಯಲ್ಲೋ, ನನಗೆ ಖಚಿತವಿಲ್ಲ. ಗದ್ದೆಯಲ್ಲಿ ಎನ್ನುತ್ತದೆ ನೆನಪು. ತಪ್ಪನ್ನು ಬೇರೆಯವರ ಊರಿನ ಮೇಲೆ ಹಾಕುವುದು ಸುಲಭವೆಂಬ ಕಾರಣಕ್ಕಿರಬಹುದು.

ನಮ್ಮ ಕಡೆ ಬಿತ್ತನೆ ಮುಗಿದ ಮೇಲೆ ಕೇರಿಯ ಹೆಂಗಸರು ಭದ್ರಾ ಕಾಲುವೆಯ ಕೆಳಗಿನ ಊರುಗಳಿಗೆ ಭತ್ತದ ನಾಟಿಗೆ ಹೋಗುತ್ತಾರೆ. ಅಲ್ಲಿಯ ಹೆಂಗಸರಿಗೆ ದಿನಗೂಲಿ, ಮಧ್ಯಾಹ್ನದ ಊಟ. ನಮ್ಮವರಿಗೆ ಎಕರೆಗೆ ಇಷ್ಟೆಂದು ಇಡೀ ಗುಂಪಿಗೆ ಗುತ್ತಿಗೆ, ಮಲಗಲು ತಗಡಿನ ಶೆಡ್ಡು.

ಎಪ್ಪತ್ತೆಂಟರ ಮಳೆಗಾಲ. ನಾನು ಬಿ.ಎ. ಮುಗಿಸಿ, ಅರ್ಜಿಗಳನ್ನು ಹಾಕಿ ಕೂತಿದ್ದೆ. ನಾಟಿಗೆ ಹೋಗಿದ್ದ ಅವ್ವನ ಕಫದಲ್ಲಿ ರಕ್ತ ಬಂತೆಂದು ತಿಳಿದು ಹೊನ್ನಾಳಿಗೆ ಹೋದೆ. ಎಕ್ಸ್‌ರೇ ತೆಗೆದರು.

ಟಿ.ಬಿ.

ಎರಡು ತಿಂಗಳು ದಿನಾ ಇಂಜೆಕ್ಷನ್, ಆಮೇಲೆ ವರ್ಷವಿಡೀ ಮಾತ್ರೆ ಎಂದರು ಡಾಕ್ಟರು. ಹಾಲು, ಮೊಟ್ಟೆ, ವಿಶ್ರಾಂತಿ. ನಮ್ಮೂರಿನಿಂದ ದಿನಾ ಆಸ್ಪತ್ರೆಗೆ ಹೋಗಿ ಬರಲು ಬಸ್ಸಿಲ್ಲ. ಶೆಡ್ಡಿನಿಂದ ಆಸ್ಪತ್ರೆಗೆ ನಡೆದೇ ಹೋಗಬಹುದು. ಅವ್ವ ಬದುಕಬೇಕಾದರೆ ಶೆಡ್ಡಿನಲ್ಲೇ ಉಳಿಯಬೇಕು. ಆದರೆ ಅಲ್ಲಿ ಜಾಗ ನಾಟಿಗೆ ನಿಂತವರಿಗೆ ಮಾತ್ರ.

ಗದ್ದೆಯ ಗೌಡರು ಬೇಡವೆನ್ನಲಿಲ್ಲ. ಅವರಿಗೆ ಅವ್ವನ ಹೆಸರೂ ಗೊತ್ತಿರಲಿಲ್ಲ. ಬೇಡವೆಂದದ್ದು ಗುಂಪು ಕಟ್ಟಿಕೊಂಡು ಬಂದಿದ್ದ ಹನುಮಕ್ಕ, ಅವ್ವನ ಓರಗೆಯವಳು.

"ನಿಮ್ಮವ್ವ ಸಾಲಲ್ಲಿ ಹಿಂದೆ ಬೀಳ್ತಾಳೆ ಕಣವ್ವ. ಆಕೆ ಪಾಲಿಂದೂ ನಾವೇ ನೆಡಬೇಕು. ನಮಗೂ ಮಕ್ಕಳು ಅದಾವೆ. ಊರಿಗೆ ಕರ್ಕೊಂಡು ಹೋಗು."

"ಆಕೆ ಬದ್ಲು ನಾನು ನೆಡ್ತೀನಿ."

"ಬಿ.ಎ. ಓದಿದ ಬೆನ್ನು ಬಗ್ಗತೈತೇನು?"

ಬಗ್ಗಿತು. ಕಾಲ್ಬೆರಳ ಸಂದಿಗಳು ಕೊಳೆತವು. ಅವ್ವ ಇಂಜೆಕ್ಷನ್ ಮುಗಿಸಿದಳು, ಊರಿಗೆ ಬಂದು ಮಾತ್ರೆಯನ್ನೂ ಮುಗಿಸಿದಳು. ಕೊನೆಯ ಎಕ್ಸ್‌ರೇ ನೋಡಿದ ಡಾಕ್ಟರು, ಒಳಗಿನ ಗಾಯ ಒಣಗಿದೆ ಎಂದರು.

ಈಗ ಎಂಬತ್ತರ ಮಳೆಗಾಲ. ಕಳೆದ ತಿಂಗಳು ಅವ್ವ ಮತ್ತೆ ನಾಟಿಗೆ ಹೊರಟಳು. ನಾನು ಬಸ್ಸು ಹತ್ತಿಸಲು ಹೋದಾಗ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಹನುಮಕ್ಕ ಹೆಂಗಸರನ್ನು ಸೇರಿಸುತ್ತಿದ್ದಳು. ನಮ್ಮ ಪಕ್ಕದ ಮನೆಯ ರತ್ನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಅವ್ವ ತಿರುಗಿ ನೋಡಿದಳು. ಆ ಕೆಮ್ಮನ್ನು ಅವ್ವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ರತ್ನಿ ಬ್ಯಾಡ ಹನುಮಕ್ಕ," ಅಂದಳು. "ಸಾಲು ಹಿಂದೆ ಬೀಳತೈತೆ."

ಡಾಕ್ಟರಿಗೆ ತೋರಿಸು ಎಂದೇನಾದರೂ ಸೇರಿಸಿದಳೇ? ನೆನಪನ್ನು ಕೆದಕಿ ನೋಡುತ್ತಿದ್ದೇನೆ. ಇಲ್ಲ. ಇದು ಒಂದು ತಿಂಗಳ ಹಿಂದಿನ ಮಾತು, ನೆನಪಿನ ತಪ್ಪು ಎನ್ನುವಂತಿಲ್ಲ.

ಬಸ್ಸು ಹೋದ ಮೇಲೆ ರತ್ನಿಯನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಸಾಲಿನಲ್ಲಿ ಕೂತಾಗ ಅವ್ವನ ದನಿಯೇ ಕಿವಿಯಲ್ಲಿತ್ತು. ರತ್ನಿ ಬೇಡವೆಂದ ಆ ಮಾತಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದಳು. ನಡುವೆ ಎಲ್ಲೂ ಕೆಮ್ಮು ಬಂದಿರಲಿಲ್ಲ. ಅದಕ್ಕೆ ನಾನು ಕೃತಜ್ಞಳು.