ಓಣಿಯ ಕಿಟಕಿಗೆ ಬಂದ ರೌಟರ್

ಆ ದಿನವೂ ಸಿಂದಗಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಯಜಮಾನರು ವಿಜಾಪುರದಿಂದ ತಂದ ಅಂಗೈಯಗಲದ ರೌಟರಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ನನಗಿದ್ದದ್ದು ಒಂದೇ ಆಸೆ. ದುಬೈಯಲ್ಲಿ ತಂಗಿ ಹಡೆದ ಕೂಸನ್ನು ಅಡುಗೆಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ನೋಡಬೇಕು.

ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆ ಓದಿ, "ಮನಿ ನಡುವ ಇಡ್ರಿ, ದಪ್ಪ ಗ್ವಾಡಿ ಅಡ್ಡ ಬರಬಾರದಂತ" ಎಂದೆ.

"ಕಾನ್ವೆಂಟಿನ್ಯಾಗ ಇದನ್ನೂ ಕಲಿಸ್ಯಾರೇನು?" ಎಂದು ನಕ್ಕವರು ಅದನ್ನು ಓಣಿಯ ಕಡೆಯ ಕಿಟಕಿಯಲ್ಲಿಟ್ಟರು. ಹೋಗಿಬರುವವರಿಗೆ ಹಸಿರು ದೀಪ ಕಾಣಬೇಕಲ್ಲ! ಪಾಸ್‌ವರ್ಡ್ ಹಾಕುವುದೂ ಅವರಿಗೆ ಅವಮಾನ. "ಬಾಗಲಾ ಹಾಕ್ಕೊಂಡು ಉಣ್ಣೋ ಮನಿತನ ಅಲ್ಲ ನಮ್ದು." ಹೀಗೆ ಮನೆತನದ ಘನತೆ ಕಿಟಕಿಯಲ್ಲಿ ಮಿಣುಕತೊಡಗಿತು.

ಕಿಟಕಿಗೂ ಅಡುಗೆಮನೆಗೂ ನಡುವೆ ಮೊಳದಗಲದ ಕಲ್ಲುಗೋಡೆಗಳು. ಸಂಜೆ ತಂಗಿ ಕರೆ ಮಾಡಿದಾಗ ಕೂಸಿನ ಒಂದು ಕಿವಿ ಮಾತ್ರ ಪರದೆಯ ಮೇಲೆ ಮೂಡಿ ಅಲ್ಲೇ ನಿಂತುಬಿಟ್ಟಿತು. ಯಜಮಾನರು ಲ್ಯಾಪ್‌ಟಾಪನ್ನೇ ಬೈದರು. ಪಡಸಾಲೆಯ ತುಂಬ ಆ ದೀಪ ನೋಡಲು ಬಂದ ಗಂಡಸರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಬಾಗಿಲಿಗೆ ಬಂದೆ.

ಎದುರುಮನೆಯ ಟೀಚರ್ ತಮ್ಮ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲಿನ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದರು: "ಇಲ್ಲೇ ಬರ್ರಿ ವೈನಿ, ನಿಮ್ಮ ನೆಟ್ ನಮ್ಮ ಕಟ್ಟೀಮ್ಯಾಗ ಭಾಳ ಛಲೋ ಬರ್ತೈತಿ."